ಜೀಪಿನಲ್ಲಿದ್ದ ಎರಡು ಹಣ್ಣುಗಳು

ಅಣ್ಣನ ಮದುವೆಯಾಗಿ ವರ್ಷಗಳಾದ ಮೇಲೆ, ಮೈಸೂರಿನ ಕ್ಲಿನಿಕ್ಕಿನಲ್ಲಿ ಅಂದು ಬೆಳಿಗ್ಗೆ ಅತ್ತಿಗೆಯ ಗರ್ಭಕ್ಕೆ ಭ್ರೂಣ ಸೇರಿಸಿದ್ದರು. ಪರದೆಯ ಮೇಲೆ ಅದು ಪುಟ್ಟ ಗುಂಡುಗಳ ಗೊಂಚಲಿನಂತೆ ಕಂಡಿತು. "ಈ ಹಂತಕ್ಕೆ ಮೊರುಲಾ ಅಂತೀವಿ. ಲ್ಯಾಟಿನ್ನಿನಲ್ಲಿ ಹಿಪ್ಪುನೇರಳೆ ಹಣ್ಣು ಅಂತ" ಎಂದರು ಡಾಕ್ಟರು.

ಅತ್ತಿಗೆಯ ತವರು ಕುಶಾಲನಗರದ ಹತ್ತಿರ. ಅವಳಪ್ಪ ಹಿಂದೆ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕಿದವರು. "ಮುಟ್ಟಿದ್ರೆ ಸಾಕು, ಉದುರೋ ಹಣ್ಣದು" ಎಂದು ಅವಳು ನನ್ನ ಕಿವಿಯಲ್ಲಿ ಹೇಳಿದಳು.

ಅಣ್ಣನ ಜೀಪಿನಲ್ಲಿ ಮೂವರೂ ವಾಪಸು ಬರುವಾಗ ಅವಳ ತವರಿಗೆ ಹೋದೆವು. ಮಗಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅವಳಮ್ಮ ಜೀಪಿನ ಹಿಂದೆ ಕಳಿತ ಹಲಸಿನ ಹಣ್ಣು ಇಡಿಸಿದರು. ಹಣ್ಣಿನ ವಾಸನೆಗೆ ಆನೆ ಬರುತ್ತದೆಂದು ನಮ್ಮ ತೋಟದಲ್ಲಿ ಹಲಸನ್ನು ಕಾಯಿಯಲ್ಲೇ ಕೀಳಿಸುವವರು ನಾವು. ಅಂದು ಯಾರಿಗೂ ಅದು ಹೊಳೆಯಲಿಲ್ಲ.

ಸೋಮವಾರಪೇಟೆ ದಾಟಿ ಎಸ್ಟೇಟಿನ ಇಳಿಜಾರಿಗೆ ತಿರುಗಿದಾಗ ಸಂಜೆ. ಕಾಫಿ ಗಿಡಗಳ ನಡುವಿನಿಂದ ಒಂಟಿ ಸಲಗ ರಸ್ತೆಗೆ ಬಂತು. ಅಣ್ಣ ಎಂಜಿನ್ ಆರಿಸಿದ. ಅದು ನಮ್ಮ ಪಕ್ಕದಲ್ಲೇ ಹಾದು ಹಿಂದಕ್ಕೆ ಹೋಯಿತು. ಟಾರ್ಪಾಲು ಪರ್ರನೆ ಹರಿಯಿತು. ಜೀಪು ತೊಟ್ಟಿಲಿನಂತೆ ತೂಗಿತು.

"ಇಳಿದು ಓಡಾಣ" ಎಂದ ಅಣ್ಣ, ಉಸಿರಿನಲ್ಲೇ.

"ನೀವಿಬ್ರೂ ಹೋಗಿ. ನಾನು ಓಡಲ್ಲ." ಅತ್ತಿಗೆ ಎರಡೂ ಕೈಗಳನ್ನು ಕಿಬ್ಬೊಟ್ಟೆಯ ಕೆಳಗೆ ಬೊಗಸೆಯಾಗಿ ಹಿಡಿದಿದ್ದಳು.

"ಸಾಯ್ತೀಯ ಕಣೇ!"

"ಓಡಿದ್ರೆ ಇದು ಉಳಿಯುತ್ತಾ? ಹೇಳಿ."

ಅಣ್ಣ ಬಾಗಿಲ ಮೇಲಿಟ್ಟ ಕೈ ತೆಗೆದ. ನಾವಿಬ್ಬರೂ ಇಳಿಯಲಿಲ್ಲ. ಹಿಂದೆ ಹಲಸು ನೆಲಕ್ಕೆ ಬಿದ್ದು ಒಡೆಯಿತು. ವಾಸನೆ ಜೀಪಿನೊಳಗೆಲ್ಲ ತುಂಬಿತು. ಆನೆ ಅಗಿಯುವ ಸದ್ದು ಶುರುವಾದ ಮೇಲೆ ಅಣ್ಣ ಹ್ಯಾಂಡ್‌ಬ್ರೇಕ್ ಬಿಟ್ಟ. ಡೀಸೆಲ್ ಉಳಿಸಲು ಅವನು ದಿನವೂ ಮಾಡುವಂತೆ, ಎಂಜಿನ್ ಇಲ್ಲದೆ ಜೀಪು ಇಳಿಜಾರಿನಲ್ಲಿ ತಾನಾಗಿ ಉರುಳಿತು. ನಾನು ತಿರುಗಿ ನೋಡಲಿಲ್ಲ.

ಮನೆ ಮುಂದೆ ಬಂದರೂ ಅತ್ತಿಗೆ ಇಳಿಯಲೊಲ್ಲಳು. "ಮೊದ್ಲು ಡಾಕ್ಟ್ರನ್ನ ಕೇಳು" ಎಂದಳು. ಫೋನು ಮಾಡಿದೆ. "ಕುಲುಕಿದ್ರೆ ಉದುರೋಕೆ ಅದೇನು ಮರದ ಮೇಲಿದೆಯೇನಮ್ಮ? ಇಳಿಯೋಕೆ ಹೇಳಿ" ಎಂದು ಅವರು ನಕ್ಕರು. ಆಗ ಅವಳು ಒಂದೊಂದೇ ಕಾಲು ಕೆಳಗಿಟ್ಟಳು.

ಅಷ್ಟರಲ್ಲಿ ಅವಳಮ್ಮನ ಕರೆ: "ಹಣ್ಣು ಸಿಹಿ ಇತ್ತೇನವ್ವ?"

"ತಿಂದೋನು ಏನೂ ಹೇಳ್ಲಿಲ್ಲ ಕಣವ್ವ" ಎಂದಳು ಅತ್ತಿಗೆ. ಮಾತು ಮುಗಿಯುವ ಮೊದಲೇ ಅಳು ಬಂತು.

ಬಸಿರು ನಿಂತಿದೆಯೇ ಎಂದು ತಿಳಿಯುವ ರಕ್ತಪರೀಕ್ಷೆ ಮುಂದಿನ ವಾರ. ಯಾರಾದರೂ ಬಟ್ಟೆ ಹರಿದರೆ ನಾನು ಈಗಲೂ ಹಿಂದೆ ತಿರುಗಿ ನೋಡುತ್ತೇನೆ. ಅಣ್ಣ ಹೊಸ ಟಾರ್ಪಾಲು ಹಾಕಿಸಿದ್ದಾನೆ. ಅತ್ತಿಗೆ ಮಾತ್ರ, ಮೈಸೂರಿಗೆ ಬಸ್ಸಿನಲ್ಲೇ ಹೋಗುತ್ತೇನೆ ಎನ್ನುತ್ತಿದ್ದಾಳೆ. ಕೂರುವಾಗ, ಏಳುವಾಗ ಅವಳ ಕೈಗಳು ಇನ್ನೂ ಬೊಗಸೆಯಾಗುತ್ತವೆ.