ಹೆದರದ ಬಾತುಗಳು

ನಿನ್ನೆ ಚನ್ನಪಟ್ಟಣದ ಆಚೆ ನಮ್ಮೂರ ಕೆರೆ ಏರಿಯ ಮೇಲೆ ಮೊಮ್ಮಗ ಉದ್ದ ಮೂತಿಯ ಕ್ಯಾಮೆರಾ ಎತ್ತಿದ್ದೇ ತಡ, ನನ್ನ ಕಣ್ಣಿಗೆ ಅದು ಕೋವಿಯಾಗಿ ಕಂಡಿತು.

ಆಗ ಮಹಾರಾಜರ ಕಾಲ. ನಾನಿನ್ನೂ ಲಂಗ ತೊಡುವ ಹುಡುಗಿ. ಕಾರ್ತಿಕದ ಚಳಿಗೆ ಉತ್ತರದಿಂದ ಬಾತುಗಳು ಬಂದಿಳಿದರೆ ನನ್ನಜ್ಜಿಗೆ ಹೆಣ್ಣುಮಕ್ಕಳು ತವರಿಗೆ ಬಂದಷ್ಟು ಸಂಭ್ರಮ. ಅವು ಇರುವಷ್ಟು ದಿನ ಯಾರೂ ಕೆರೆಯ ಕಲ್ಲಿಗೆ ಬಟ್ಟೆ ಬಡಿಯುವಂತಿಲ್ಲ, ಕೈಯಲ್ಲೇ ಉಜ್ಜಿ ಹಿಂಡಬೇಕು. ಎಮ್ಮೆ ತೊಳೆಯುವವರೂ ಪಿಸುಮಾತಿನಲ್ಲೇ ಗದರುತ್ತಿದ್ದರು. ಬಾತುಗಳು ನಮ್ಮ ಕಾಲ ಬಳಿಯೇ ಮೇಯುತ್ತಿದ್ದವು.

ಒಂದು ವರ್ಷ ತಾಲ್ಲೂಕಿನ ಅಮಲ್ದಾರರು ಕೋವಿ ಹಿಡಿದ ಬಿಳಿ ದೊರೆಯೊಬ್ಬನನ್ನು ಕರೆತಂದರು. ಊರ ಪಟೇಲರಾಗಿದ್ದ ತಾತ ರುಮಾಲು ಸುತ್ತಿಕೊಂಡು, ಹಲ್ಲು ಗಿಂಜುತ್ತಾ, "ಬನ್ನಿ ಬುದ್ಧಿ, ನಮ್ಮೂರ ಹಕ್ಕಿ ಹೆದ್ರಾಕಿಲ್ಲ" ಎಂದು ತಾವೇ ನೀರಿನ ಅಂಚಿಗೆ ಕರೆದೊಯ್ದರು. ಆ ಹೆಮ್ಮೆಯನ್ನು ನಾನಿನ್ನೂ ಕ್ಷಮಿಸಿಲ್ಲ. ಮೊದಲ ಈಡಿಗೇ ಕೆಲವು ಉರುಳಿದವು. ಉಳಿದವು ಎದ್ದು, ಒಂದು ಸುತ್ತು ಹಾಕಿ, ಮತ್ತೆ ನಮ್ಮ ಹತ್ತಿರವೇ ಇಳಿದವು. ದೊರೆ ನಗುತ್ತಾ ಕೋವಿ ತುಂಬಿಕೊಂಡ.

ಮರುವರ್ಷ ಬಾತುಗಳು ಬಂದ ದಿನವೇ ಅಜ್ಜಿ ಕಂಚಿನ ತಟ್ಟೆ ಬಡಿಯುತ್ತಾ ಏರಿಯುದ್ದಕ್ಕೂ ಓಡಿದಳು. "ಹೋಗ್ರವ್ವಾ, ಹೋಗ್ರಿ! ಇಲ್ಲಿ ಯಾರ್ನೂ ನಂಬಬ್ಯಾಡಿ!" ತಡೆಯಲು ಬಂದ ತಾತನಿಗೆ, "ನಿನ್ನ ನಂಬೇ ಕಣಯ್ಯಾ ಅವು ಸತ್ತಿದ್ದು" ಎಂದಳು.

ನಿನ್ನೆ ಮೊಮ್ಮಗ ಗುರಿ ಹಿಡಿಯುವಷ್ಟರಲ್ಲಿ ನನ್ನ ಕೈಗಳು ತಾವಾಗಿಯೇ ಚಪ್ಪಾಳೆ ಹೊಡೆದವು. ಬಾತುಗಳೆಲ್ಲ ಎದ್ದು ಹಾರಿ ಕೆರೆ ಖಾಲಿಯಾಯಿತು.

"ಏನಜ್ಜೀ ಇದು! ನಾನು ಬರೀ ಫೋಟೋ ತೆಗೀತಿದ್ದೆ!" ಎಂದು ರೇಗಿದ.

ರೇಗಲಿ. ನಮ್ಮ ತಾತನೂ ಬರೀ ತೋರಿಸಿದ್ದಷ್ಟೇ.