ಮೂಲೆಗೆ ಎಳೆದಿಟ್ಟ ಬಾಕ್ಸ್

ರೇಣುಕಾ, ನಿನ್ನ ಮೆಸೇಜ್ ಬ್ಯಾನರ್ ಹೋಗುವುದಕ್ಕೆ ಮೊದಲೇ ಬಂದಿತ್ತು. ತಡವಾಗಿ ಬಂತೆಂದು ಮಾಲೀಕರ ಮುಂದೆ ನಾನು ಹೇಳಿದ್ದು ಸುಳ್ಳು.

ಆಗ ನೀನು ಮಾಲೀಕರ ಹರಿಹರದ ಅಂಗಡಿಯಲ್ಲಿ ಫ್ಲೆಕ್ಸ್ ಬ್ಯಾನರಿನ ಆರ್ಡರ್ ಹಿಡಿಯುತ್ತಿದ್ದೆ, ನಾನು ದಾವಣಗೆರೆಯಲ್ಲಿ ಕೂತು ಡಿಸೈನ್ ಮಾಡಿ ಪ್ರಿಂಟಿಗೆ ಬಿಡುತ್ತಿದ್ದೆ. ನಮ್ಮಿಬ್ಬರ ನಡುವೆ ಕಂಪ್ಯೂಟರಿನ ಆ ಹಾಳು ಮೆಸೇಜ್ ಸಾಫ್ಟ್‌ವೇರ್. ಅದರ ಕಾಟ ಒಂದೇ ಎರಡೇ — ಒಂದು ಸಾಲು ಟೈಪ್ ಮಾಡುವಷ್ಟರಲ್ಲಿ ಬಾಕ್ಸೊಂದು ಬಂದು ಅಡ್ಡ ನಿಲ್ಲುತ್ತಿತ್ತು. ಹೊಸ ಆವೃತ್ತಿ ಬೇಕೇ? ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ? ಉತ್ತರ ಕೊಡುವ ತನಕ ಬಂದ ಮೆಸೇಜೂ ಕಾಣದು, ಬರೆದದ್ದೂ ಹೋಗದು. ಮಾತಾಡುತ್ತಿರುವವರ ಬಾಯಿಗೆ ಕೈ ಅಡ್ಡ ಹಿಡಿದು ಸ್ಟಾರ್ ಕೇಳುವ ಬುದ್ಧಿ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ. ರೋಸಿಹೋಗಿ ನಾನು ಉತ್ತರ ಕೊಡುವುದನ್ನೇ ಬಿಟ್ಟೆ. ಬಾಕ್ಸನ್ನು ಪರದೆಯ ಮೂಲೆಗೆ ಎಳೆದಿಟ್ಟು ಡಿಸೈನ್ ಮುಂದುವರಿಸುತ್ತಿದ್ದೆ.

ಆ ಬೆಳಿಗ್ಗೆಯೂ ಹಾಗೇ ಮಾಡಿದೆ. ಕಡರನಾಯಕನಹಳ್ಳಿಯ ಹಿರಿಯರೊಬ್ಬರ ಎಪ್ಪತ್ತೈದರ ಹುಟ್ಟುಹಬ್ಬದ ಬ್ಯಾನರ್. ನಿನ್ನೂರೇ ಅದು, ಆರ್ಡರ್ ತಂದವಳೂ ನೀನೇ. ಪ್ರಿಂಟ್ ಆಯಿತು. ಬ್ಯಾನರ್ ಕಟ್ಟುವವನು ಬೈಕಿನಲ್ಲಿ ಒಯ್ದು ಊರ ಬಾಗಿಲಲ್ಲಿ ಕಟ್ಟಿ ಬಂದ. ಅವನಿಗೆ ಅಲ್ಲಿ ಯಾರ ಗುರುತೂ ಇಲ್ಲ. ಊಟದ ಹೊತ್ತಿಗೆ ಬಾಕ್ಸಿಗೆ ಉತ್ತರ ಕೊಟ್ಟು ಮುಚ್ಚಿದೆ — ಹಿಂದೆ ನಿನ್ನ ಸಾಲು, ಬ್ಯಾನರ್ ಹೊರಡುವ ಮೊದಲೇ ಬಂದು ಕೂತದ್ದು.

'ಅಣ್ಣ, ಬ್ಯಾನರ್ ಕಳಿಸಬ್ಯಾಡ್ರಿ. ಅಜ್ಜಾರು ಬೆಳಿಗ್ಗೆ ತೀರಿಕೊಂಡ್ರು.'

ಅಷ್ಟರಲ್ಲಿ ಮಣ್ಣಿಗೆ ಬಂದ ನೆಂಟರೆಲ್ಲ ಅವರ ನಗುಮುಖದ ಕೆಳಗೆ 'ನೂರು ಕಾಲ ಬಾಳಿ' ಎಂದು ಓದಿಕೊಂಡೇ ಊರೊಳಗೆ ಹೋಗಿದ್ದರು.

ಸಂಜೆ ಮಾಲೀಕರು ನಿನ್ನನ್ನು ದಾವಣಗೆರೆಗೆ ಕರೆಸಿ, ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಕೇಳಿದರು. 'ಬ್ಯಾನರ್ ಹೋದ ಮೇಲೆ ಬಂತು ಸಾರ್. ಹರಿಹರದಾಗೆ ನೆಟ್ ನಿಧಾನ ಐತೆ,' ಎಂದೆ.

'ಫೋನ್ ಯಾಕ ಮಾಡ್ಲಿಲ್ಲಮ್ಮ?' ಎಂದು ಅವರು ನಿನ್ನ ಕಡೆ ತಿರುಗಿದರು.

ನೀನು ನನ್ನನ್ನೇ ನೋಡಿದೆ. 'ಫೋನ್ ಮಾಡಬ್ಯಾಡ, ಕೆಲಸ ಕೆಡ್ತೈತೆ, ಮೆಸೇಜ್ ಹಾಕು ಅಂದೋರು ನೀವೇ ಅಲ್ಲೇನ್ರಿ ಅಣ್ಣ?'

'ನಾನು ಹಂಗಂದಿದ್ದು ನೆನಪಿಲ್ಲಮ್ಮ,' ಎಂದೆ. ನೆನಪಿತ್ತು. ಹಿಂದಿನ ವಾರವಷ್ಟೇ ಗದರಿದ್ದೆ.

ನಿನ್ನ ಕೆಲಸ ಹೋಯಿತು. ಅದಕ್ಕಿಂತ ಹೆಚ್ಚಾಗಿ — ಸಾವಿನ ಮನೆಯನ್ನು ಗೇಲಿ ಮಾಡಿದವಳು ಎಂದು ನಿನ್ನೂರಿನವರೇ ನಿನ್ನನ್ನು ಬೈದರು; ಆ ಮನೆಯವರು ಇವತ್ತಿಗೂ ನಿನ್ನ ಅವ್ವನನ್ನು ಮಾತಾಡಿಸುವುದಿಲ್ಲವಂತೆ. ನಾನೋ, ಆ ಬಾಕ್ಸನ್ನು ಶಪಿಸಿಕೊಂಡೇ ಇಷ್ಟು ವರ್ಷ ತಳ್ಳಿದೆ. ಅದು ಅಡ್ಡ ಬಂದದ್ದು ನಿನ್ನ ಮೆಸೇಜಿಗೆ. ಮಾಲೀಕರು ಕೇಳಿದಾಗ ನನಗೆ ಯಾವುದು ಅಡ್ಡ ಬಂದಿತ್ತು? ನನ್ನ ಮೇಲೆ ಬರಬೇಕಿದ್ದ ಸಿಟ್ಟನ್ನು ಅದರ ಮೇಲೆ ತೀರಿಸಿಕೊಂಡೆ.

ನಿನ್ನೆ ಮಾಲೀಕರಿಗೆ ಎಲ್ಲ ಹೇಳಿದೆ. 'ಹಳೇದು ಬಿಡಪ್ಪ, ಈಗ ಯಾರಿಗೆ ನೆನಪೈತೆ,' ಎಂದರು.

ಆ ಊರಿಗೆ ನೆನಪಿದೆ. ಭಾನುವಾರ ಕಡರನಾಯಕನಹಳ್ಳಿಗೆ ಹೋಗುತ್ತೇನೆ. ನೀನು ಬರಬೇಕಿಲ್ಲ, ಕ್ಷಮಿಸಲೂ ಬೇಕಿಲ್ಲ. ಆ ಮನೆಯ ಬಾಗಿಲಲ್ಲಿ ನಿಂತು, ಬೀದಿಯವರಿಗೆಲ್ಲ ಕೇಳುವಂತೆ ಹೇಳುತ್ತೇನೆ. ನಿನ್ನನ್ನು ಅಂದದ್ದನ್ನೆಲ್ಲ ಅವರು ನನ್ನನ್ನು ಅನ್ನಲಿ.