ಮುಂಜಾನೆ ಹೊರಡುವುದು

ಹನ್ನೆರಡು ಅಡಿಯ ನಮ್ಮ ಹಾಯಿದೋಣಿ ತಯಾರಾದದ್ದು ಬೆಂಗಳೂರಿನ ಅಂಚಿನ ಬಿಳೇಕಹಳ್ಳಿಯ ಒಂದು ದನದ ಕೊಟ್ಟಿಗೆಯಲ್ಲಿ. ಸಮುದ್ರ ಎಲ್ಲಿ, ಬಿಳೇಕಹಳ್ಳಿ ಎಲ್ಲಿ! ಕೇಳಿದವರೆಲ್ಲ ನಗುತ್ತಿದ್ದರು. ನಾವೂ ನಗುತ್ತಿದ್ದೆವು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕೊಟ್ಟಿಗೆ ನನ್ನ ಗೆಳೆಯನ ರೂಮಿನ ಓನರ್‌ದು. ಅವರ ಹೊಲವೆಲ್ಲ ಸೈಟುಗಳಾಗಿ, ಹಸುಗಳೂ ಹೋಗಿ, ಜಾಗ ಖಾಲಿ ಬಿದ್ದಿತ್ತು.

ಗೆಳೆಯ ಬಿಜಾಪುರದ ಕಡೆಯವನು, ಆಫೀಸಿನಲ್ಲಿ ನನ್ನ ಪಕ್ಕದ ಮೇಜು. ಅವನಪ್ಪ ಬಡಗಿ, ಉಳಿ ಹಿಡಿದರೆ ಇವನಿಗೂ ಊಟ ನಿದ್ದೆ ಬೇಡ. ನಾನು ಇಲ್ಲೇ ಬೆಂಗಳೂರಿನ ಯಡಿಯೂರಿನಲ್ಲಿ ಬೆಳೆದವನು, ಪುಸ್ತಕದ ಹುಳು. "ಮರದ ಕೆಲಸ ನಂದು, ಗಾಳಿ ಲೆಕ್ಕ ನಿಂದು. ನೀ ಹೇಳಿದಂಗ ನಡೀತೀನಿ," ಅಂದಿದ್ದ. ಹುಳಿಮಾವು ಕೆರೆಯಲ್ಲಿ ದೋಣಿ ತೇಲಿಸಿದ ದಿನ ಓನರ್ ದಡದಲ್ಲಿ ನಿಂತು, "ಕೆರೆಲಿ ಆಡ್ಕೊಳ್ರಪ್ಪ, ಸಾಕು. ಸಮುದ್ರ ಯಾಕೆ ನಿಮ್ಗೆ?" ಎಂದು ಗೊಣಗಿದ್ದರು.

ನಮಗೆ ಸಮುದ್ರವೇ ಬೇಕಿತ್ತು. ಗೋಕರ್ಣದಿಂದ ಹೊನ್ನಾವರಕ್ಕೆ, ದಡ ಕಣ್ಣಿಗೆ ಬೀಳುವಷ್ಟು ದೂರದಲ್ಲಿ, ಒಂದೇ ದಿನದ ಪಯಣ. ನಾನು ಎರಡು ಸಲ ಹೋಗಿ ಮೀನುಗಾರರನ್ನು ಕೇಳಿಕೊಂಡು ಬಂದೆ. ಚಳಿಗಾಲದಲ್ಲಿ ಬೆಳಕು ಹರಿಯುವ ಮೊದಲು ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಹತ್ತು ಹನ್ನೊಂದರ ಹೊತ್ತಿಗೆ ತಿರುಗಿ ಕಡಲಿಂದ ದಡಕ್ಕೆ ನೂಕುತ್ತದೆ. ದಾರಿಯಲ್ಲಿ ನೀರಿಗೆ ಚಾಚಿಕೊಂಡ ಬಂಡೆಗಳ ಒಂದು ಮೂಲೆ. ಗಾಳಿ ತಿರುಗುವ ಮೊದಲು ಅದನ್ನು ದಾಟಬೇಕು. ಇಲ್ಲದಿದ್ದರೆ ದೋಣಿ ನೇರ ಬಂಡೆಗೆ. ಅಂದರೆ ಐದಕ್ಕೆಲ್ಲ ಹೊರಟಿರಬೇಕು.

ಯೋಜನೆಯನ್ನು ದಪ್ಪ ಹಾಳೆಯ ಮೇಲೆ, ಮುದ್ದಾದ ಅಕ್ಷರದಲ್ಲಿ ಬರೆದೆ. ಹೊರಟು ಎಷ್ಟು ಹೊತ್ತಾದ ಮೇಲೆ ಯಾವ ದೇವಸ್ಥಾನ ಕಾಣಬೇಕು, ಎಲ್ಲಿ ಕುಡಿಯುವ ನೀರು, ಎಲ್ಲ. ಗಾಳಿ ತಿರುಗುವ ಲೆಕ್ಕ ಮಾತ್ರ ನನ್ನ ತಲೆಯಲ್ಲೇ ಇತ್ತು. ಮೊದಲ ಸಾಲು: ಮುಂಜಾನೆ ಹೊರಡುವುದು. ಐದು ಗಂಟೆ ಅಂತ ಬರೆಯಲು ನನಗೇನು ಬಂದಿತ್ತು ರೋಗ! ಹೇಗೂ ಜೊತೆಗಿರುತ್ತೇನಲ್ಲ, ನಾನೇ ಎಬ್ಬಿಸುತ್ತೇನೆ ಅಂದುಕೊಂಡಿದ್ದೆ. ಮುಂಜಾನೆ ಅನ್ನುವ ಪದ ಚೆನ್ನಾಗಿಯೂ ಕಂಡಿತ್ತು.

ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ. ಒಂದು ಭಾನುವಾರ ಅವನು "ಮುಂಜಾನಿ ಬರ್ತೀನಿ" ಅಂದಿದ್ದಕ್ಕೆ ನಾನು ಕತ್ತಲಲ್ಲೇ ಸ್ನಾನ ಮಾಡಿ ಕಾದು ಕೂತಿದ್ದೆ. ಅವನು ಬಂದದ್ದು ಹತ್ತಕ್ಕೆ. ನಾನು ಹಾರಾಡಿದೆ. "ಹತ್ತು ಅಂದ್ರ ಮುಂಜಾನೀನ ಅಲ್ಲೇನೋ? ನಿಮ್ಮ ಬೆಂಗಳೂರಾಗ ಏನಂತಾರ?" ಅಂದ. "ಬೆಳಗ್ಗೆ ಅಂತೀವಿ ಕಣೋ. ಮುಂಜಾನೆ ಅಂದ್ರೆ ನಸುಕು," ಅಂದೆ. ಇಬ್ಬರೂ ನಕ್ಕು ದೋಸೆ ತಿನ್ನಲು ಜಯನಗರಕ್ಕೆ ಹೋದೆವು. ಅಷ್ಟೇ, ಅವನೂ ಮರೆತ, ನಾನೂ ಮರೆತೆ.

ಹೊರಡಲು ನಾಲ್ಕು ದಿನ ಇದೆ ಅನ್ನುವಾಗ ನನಗೆ ಅಮ್ಮ ಆಯ್ತು. ಮೈತುಂಬ ಗುಳ್ಳೆ, ಪಕ್ಕದಲ್ಲಿ ಬೇವಿನ ಸೊಪ್ಪು. ಅವನು ಕಿಟಕಿಯಾಚೆ ನಿಂತು, "ರಜಾ ಸಿಕ್ಕ್ಯದ, ದೋಣಿ ಒಯ್ಯಾಕ ಲಾರಿನೂ ಗೊತ್ತ ಮಾಡೀನಿ. ನಾ ಒಬ್ಬಾವನ ಹೋಗಿ ಬರ್ತೀನಿ, ಹಾಳಿ ಕೊಡು," ಅಂದ. ಬೇಡ ಅನ್ನಬೇಕಿತ್ತು. ನನ್ನ ಯೋಜನೆ ನಿಜವಾಗುವುದನ್ನು ನೋಡುವ ಚಪಲ, ಕೊಟ್ಟುಬಿಟ್ಟೆ.

ಹಿಂದಿನ ಸಂಜೆ ಗೋಕರ್ಣದ ಬೂತಿನಿಂದ ಫೋನು ಮಾಡಿದ. "ಎಲ್ಲಾ ತಯಾರದ. ನೀ ಹಾಳ್ಯಾಗ ಬರದಂಗ ನಾಳಿ ಮುಂಜಾನಿ ಬಿಡ್ತೀನಿ."

"ಹೂಂ, ಹುಷಾರು ಮಗಾ," ಅಂದೆ. ಎಷ್ಟು ಗಂಟೆಗೆ ಅಂತ ಕೇಳಲಿಲ್ಲ.

ಅವನು ಹೊರಟದ್ದು ಒಂಬತ್ತಕ್ಕೆ. ಹೋಟೆಲಿನಲ್ಲಿ ಇಡ್ಲಿ ತಿಂದು, ಎಲ್ಲರಿಗೂ ಕೈ ಬೀಸಿ ಹೋದನಂತೆ. ಮೂರನೇ ದಿನ ಬಂಡೆಗಳ ಸಂದಿಯಲ್ಲಿ ಸಿಕ್ಕಿದ.

ರೂಮು ಖಾಲಿ ಮಾಡಲು ಅವನ ಅಣ್ಣ ಬಂದಾಗ ನನ್ನ ಗುಳ್ಳೆಗಳು ಇನ್ನೂ ಒಣಗುತ್ತಿದ್ದವು. ಹಾಳೆ ಪ್ಲಾಸ್ಟಿಕ್ ಕವರಿನೊಳಗೆ ಒದ್ದೆಯಾಗದೆ ಉಳಿದಿತ್ತು. ಅದನ್ನು ನನ್ನ ಮುಂದೆ ಬಿಡಿಸಿ ಹಿಡಿದರು. 'ಮುಂಜಾನೆ'ಯ ಕೆಳಗೆ ಪೆನ್ಸಿಲಿನಲ್ಲಿ ಒಂದು ಗೆರೆ, ಪಕ್ಕದಲ್ಲಿ ಅವನ ಅಕ್ಷರ: ನಾಷ್ಟಾ ಆದ ಮ್ಯಾಲ.

"ನೀವು ಬರದಂಗ ಮುಂಜಾನೀನ ಬಿಟ್ಟಾನಲ್ರೀ. ಮತ್ತ ಯಾಕ ಹಿಂಗಾತು?" ಎಂದು ಅಣ್ಣ ಕೇಳಿದರು. ಕೋಪವಿಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದರು.

"ಅವತ್ತು ಗಾಳಿ ಕೆಟ್ಟದಿತ್ತು," ಅಂದೆ.

ಗಾಳಿ ದಿನದ ಹಾಗೇ ಇತ್ತು.